ನಾವಿದ್ದ ಗುರುತು

ಅವ್ವನಿಗೂ ಅಜ್ಜಿಗೂ ಜಗಳವಾಗದೆ ನಮ್ಮ ಗುಡಿಸಲಲ್ಲಿ ಒಂದು ಹೊತ್ತಿನ ಒಲೆಯಾದರೂ ಉರಿದದ್ದು ನನಗೆ ನೆನಪಿಲ್ಲ. ಗುಡಿಸಲು ಎಂದರೆ ಎಷ್ಟು ದೊಡ್ಡದು? ಅಪ್ಪ ಕಾಲು ಚಾಚಿ ಮಲಗಿದರೆ ತಲೆ ಒಂದು ತಡಿಕೆಗೆ, ಪಾದ ಎದುರಿನ ತಡಿಕೆಗೆ ತಾಕುತ್ತಿತ್ತು. ಬಿದಿರು ಹೆಣೆದ ತಡಿಕೆಯೇ ಗೋಡೆ, ಮೇಲೆ ಹುಲ್ಲು. ನಡುವೆ ಮೂರು ಕಲ್ಲಿನ ಒಲೆ. ಒಲೆಯ ಆ ಕಡೆ ಅಜ್ಜಿಯ ರಾಜ್ಯ, ಈ ಕಡೆ ನಮ್ಮದು. ಅಜ್ಜಿಯ ತಲೆಯ ಮೇಲೆ ಜೇನು ತುಂಬಿದ ಸೋರೆಬುರುಡೆಯೊಂದು ತೂಗುತ್ತಿತ್ತು. ಅದರ ಬಾಯಿ ಬಿಚ್ಚುವ ಹಕ್ಕು ಅವಳೊಬ್ಬಳಿಗೇ. ಬೆಂದ ಕಾಡುಗೆಣಸನ್ನು ಬೂದಿಯಿಂದ ಎಳೆದು, ಸಿಪ್ಪೆ ಸುಲಿದು, ನನ್ನ ಅಂಗೈಗಿಟ್ಟು ಅದರ ಮೇಲೆ ಒಂದು ಬೆರಳು ಜೇನು ಸವರುತ್ತಿದ್ದಳು. ಅಪ್ಪನಿಗೆ ಎರಡು ಬೆರಳು. ಅವ್ವನಿಗೆ ಇಲ್ಲ. ಕೇಳಿದರೆ ಸಿದ್ಧವಾದ ಉತ್ತರವಿತ್ತು.

"ಅವಳ ನಾಲ್ಗೆ ಈಗ್ಲೇ ಮಾರುದ್ದ ಅದೆ. ಜೇನು ನೆಕ್ಕುದ್ರೆ ಹಲಗೂರುಗಂಟ ಓಯ್ತದೆ."

"ನಿನ್ ಜೇನು ನೀನೇ ಮಡಿಕ್ಕೊ ಕಣತ್ತೆ. ನಂಗೆ ಉಪ್ಪು ಕೊಡು ಸಾಕು," ಎಂದು ಅವ್ವ ಹೊಗೆಯ ಮಧ್ಯದಿಂದ ಕೂಗುತ್ತಿದ್ದಳು.

ಉಪ್ಪು ನಮಗೆ ಸಂತೆಯಿಂದ ಬರಬೇಕಾಗಿತ್ತು. ಹಲಗೂರಿನಿಂದ ಹೊಳೆಯ ಕಡೆಗೆ ಏರುವ ಬೆಟ್ಟಸಾಲಿನ ನಡುವೆ ಒಂದು ಸಮನಾದ ಜಾಗದಲ್ಲಿ ನಮ್ಮ ದೊಡ್ಡಿಯಿತ್ತು. ಎಂಟು ಗುಡಿಸಲು, ಎಲ್ಲವೂ ಒಬ್ಬರಿಗೊಬ್ಬರು ನೆಂಟರು. ನಾವು ಇರುಳಿಗರು. ಊರಿನವರು ಇದನ್ನು ಇರುಳು ಎಂಬುದಕ್ಕೆ ಗಂಟುಹಾಕಿ, ಕಪ್ಪು ಜನ, ಕತ್ತಲೆಯ ಜನ ಎಂದೆಲ್ಲ ಅರ್ಥ ಹೇಳುತ್ತಾರೆ. ಅಜ್ಜಿ ಬೇರೆ ಅರ್ಥ ಹೇಳುತ್ತಿದ್ದಳು. "ಇರೋರು ಕಣಮ್ಮಿ ನಾವು, ಬಂದೋರಲ್ಲ. ಅದ್ಕೇ ಇರುಳಿಗ್ರು." ಯಾವ ವಿದ್ವಾಂಸರೂ ಇದನ್ನು ಒಪ್ಪಲಾರರು. ನಾನು ಚಿಕ್ಕಂದಿನಲ್ಲಿ ಒಪ್ಪಿದ್ದೆ.

ಅವ್ವ ಮಾತ್ರ ಇರಲು ಒಲ್ಲದವಳು. ಹುಡುಗಿಯಾಗಿದ್ದಾಗ ಒಂದು ಸುಗ್ಗಿಯಲ್ಲಿ ತನ್ನ ಅಪ್ಪನ ಜೊತೆ ಕುಯ್ಲಿಗೆಂದು ಪೂರಿಗಾಲಿಯ ತನಕ ಹೋಗಿ ಬಂದಿದ್ದಳಂತೆ. ಅಲ್ಲಿ ಯಾರದೋ ಮನೆಯ ಹಿತ್ತಲಿನಿಂದ ಒಳಗೆ ಇಣುಕಿದಾಗ ಕಂಡ ಮಣ್ಣಿನ ಗೋಡೆ, ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಮಡಿಸಿಟ್ಟ ಸೀರೆ: ಇಷ್ಟನ್ನು ಅವಳು ಮದುವೆಯಾಗಿ ಹತ್ತು ವರ್ಷವಾದರೂ ಹೇಳುತ್ತಿದ್ದಳು. ಗಾಳಿ ಬೀಸಿ ತಡಿಕೆ ಅಲುಗಿದಾಗ, ಮಳೆಗೆ ಒಲೆ ಆರಿದಾಗ, ಹಾವು ಬಂದಾಗ, ಎಲ್ಲಕ್ಕೂ ಅವಳ ಬಾಯಲ್ಲಿ ಮಣ್ಣಿನ ಗೋಡೆಯೇ. ಅಜ್ಜಿ ಕೆಣಕುತ್ತಿದ್ದಳು, "ಮಣ್ಣಿನ ಗ್ವಾಡೆ ಬೇಕಾದ್ರೆ ಸಾಯಿ, ನಾಕು ಕಡೀಕೂ ಕಟ್ತೀವಿ." ಇಬ್ಬರ ನಡುವೆ ಅಪ್ಪ ಬೈರ ತಲೆತಗ್ಗಿಸಿ ಉಣ್ಣುತ್ತಿದ್ದ. ಮರ ಹತ್ತುವುದರಲ್ಲಿ ಅವನಷ್ಟು ಧೈರ್ಯದವನು ದೊಡ್ಡಿಯಲ್ಲಿರಲಿಲ್ಲ, ಮಾತಾಡುವುದರಲ್ಲಿ ಅವನಷ್ಟು ಅಂಜುಬುರುಕನೂ ಇರಲಿಲ್ಲ. ನಾನು ಅವ್ವನ ಪಕ್ಷ. ಜೇನು ಅಜ್ಜಿಯಿಂದ ತಿಂದು ಕನಸು ಅವ್ವನದು ಕಾಣುತ್ತಿದ್ದೆ.

ಕಾಡಿಗೆ ಸುಣ್ಣ ಬಳಿದ ಗಡಿಕಲ್ಲುಗಳು ಬಂದದ್ದು ನನಗೆ ತಿಳಿವಳಿಕೆ ಬರುವ ಹೊತ್ತಿಗೆ. ಮೊದಲು ಬೆಂಕಿ ಹಾಕಬಾರದು ಎಂದರು. ಹುಲ್ಲು ಸುಟ್ಟು ರಾಗಿ ಚೆಲ್ಲುವ ನಮ್ಮ ಬೇಸಾಯ ಅಲ್ಲಿಗೆ ನಿಂತಿತು. ಆಮೇಲೆ ಗೆಣಸು ಅಗೆಯಬಾರದು, ಬಿದಿರು ಕಡಿಯಬಾರದು. ಕೊನೆಗೆ ಜೇನೂ ಗುತ್ತಿಗೆಗೆ ಹೋಯಿತು. ಗುತ್ತಿಗೆದಾರನ ಮುಖವನ್ನು ನಾವು ಯಾರೂ ಕಂಡವರಲ್ಲ. ಕಂಡದ್ದು ಗಾರ್ಡನ್ನು. ಖಾಕಿ ಚಡ್ಡಿ, ಕಾಲಿಗೆ ಪಟ್ಟಿ, ಕೈಯಲ್ಲಿ ಬೆತ್ತ. ಒಂದು ಮಧ್ಯಾಹ್ನ ಅವನು ನಮ್ಮ ಗುಡಿಸಲಿಗೆ ಬಗ್ಗಿ ಬಂದು ಅಜ್ಜಿಯ ಸೋರೆಬುರುಡೆಯನ್ನು ಬೆತ್ತದಿಂದ ತಟ್ಟಿ ನೋಡಿದ.

"ಇದು ಸರ್ಕಾರದ ಜೇನು ಮುದುಕಿ."

"ಸರ್ಕಾರ ಯಾವತ್ಲಾ ಮರ ಅತ್ತಿತ್ತು?" ಎಂದಳು ಅಜ್ಜಿ.

ಗಾರ್ಡಿಗೆ ನಗು ಬಂತು. ನಗುತ್ತಲೇ ಬುರುಡೆಯನ್ನು ಬಿಚ್ಚಿಕೊಂಡು ಹೋದ. ಅವನು ಕೆಟ್ಟವನಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವನು ಒಮ್ಮೆ ಅವಳಿಗೆ ಒಂದು ಹಿಡಿ ಉಪ್ಪು ಕೊಟ್ಟಿದ್ದ.

ಅದಾದ ಮುಂದಿನ ಬೇಸಿಗೆಯಲ್ಲಿ ಅದೇ ಗಾರ್ಡು ಇನ್ನಿಬ್ಬರನ್ನು ಕರೆದುಕೊಂಡು ಬಂದು, ದೊಡ್ಡಿಯವರನ್ನೆಲ್ಲ ಕೂರಿಸಿ ಕಾಗದ ಓದಿದ. ಅರ್ಥವಾದದ್ದು ಇಷ್ಟೇ: ಕಾಡು ಸರ್ಕಾರದ್ದು, ನಾವು ಅದರೊಳಗೆ ಇರುವುದು ತಪ್ಪು, ವಾರದೊಳಗೆ ಬೆಟ್ಟ ಇಳಿಯಬೇಕು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪನ ಚಿಕ್ಕಪ್ಪನ ಮಗ ಬೊಮ್ಮಯ್ಯ, ದೊಡ್ಡಿಯಲ್ಲಿ ನಾಲ್ಕು ಜನರೆದುರು ಮಾತಾಡಬಲ್ಲವನು ಅವನೊಬ್ಬನೇ, ಎದ್ದು ನಿಂತು "ಎಲ್ಲಿಗೆ ಓಗನ ಸ್ವಾಮಿ?" ಎಂದು ಕೇಳಿದ. ಕಾಗದದಲ್ಲಿ ಅದು ಬರೆದಿರಲಿಲ್ಲ.

ಅವ್ವನ ಮುಖವನ್ನು ನಾನು ಆ ವಾರವೆಲ್ಲ ನೋಡುತ್ತಿದ್ದೆ. ಅವಳು ಅಳುವವರ ಜೊತೆ ಕೂತು ಅಳುತ್ತಿದ್ದಳು, ಎದ್ದು ಬಂದು ಗಂಟು ಕಟ್ಟುವಾಗ ಅವಳ ಕೈ ಚುರುಕಾಗಿಬಿಡುತ್ತಿತ್ತು. ಇಳಿಯುವ ದಿನ ಬೆಳಿಗ್ಗೆ ನನ್ನ ತಲೆಗೆ ಹರಳೆಣ್ಣೆ ಹಚ್ಚಿ ಬಾಚಿದಳು. ಹಾಗೆ ಅವಳು ಬಾಚಿದ್ದು ಅದೇ ಮೊದಲು. ಅಜ್ಜಿ ಎದ್ದೇಳಲಿಲ್ಲ. ಅಪ್ಪ ಅವಳನ್ನು ಬೆನ್ನಿಗೆ ಹಾಕಿಕೊಂಡ. ದಾರಿಯುದ್ದಕ್ಕೂ ಅವಳು ಮಗನ ನೆತ್ತಿಯ ಮೇಲೆ ಮುಷ್ಟಿಯಿಂದ ಗುದ್ದುತ್ತಲೇ ಇದ್ದಳು. ಹಳ್ಳ ದಾಟಿದ ಮೇಲೆ ಗುದ್ದುವುದು ನಿಂತಿತು. ತಿರುಗಿ ನೋಡಿದರೆ ಮರಗಳ ಮೇಲೆ ಹೊಗೆ ಏಳುತ್ತಿತ್ತು. ನಾವು ಮರಳಿ ಬರಬಾರದೆಂದು ಗುಡಿಸಲುಗಳಿಗೆ ಬೆಂಕಿ ಇಟ್ಟಿದ್ದರು. ಕಾಡಿನಲ್ಲಿ ಬೆಂಕಿ ಹಾಕಬಾರದು ಎಂದವರು ಅವರೇ.

ದೊಡ್ಡಿಯವರು ಕೂಲಿ ಸಿಕ್ಕಿದ ಕಡೆಗೆ ಚದುರಿಹೋದರು. ನಾವು ಸೇರಿದ ಊರಿನ ಹೆಸರನ್ನು ಬರೆಯುವುದಿಲ್ಲ. ಮಳವಳ್ಳಿ ತಾಲ್ಲೂಕಿನದೇ ಒಂದು ಹಳ್ಳಿ. ಅಲ್ಲಿನವರ ಮೊಮ್ಮಕ್ಕಳು ಮುಂದೆ ನನ್ನ ಬಳಿ ಅಕ್ಷರ ಕಲಿತರು, ಅವರ ಮನಸ್ಸು ನೋಯುವುದು ನನಗೆ ಬೇಡ. ಊರಿನ ಗೌಡರು ತಮ್ಮ ತೆಂಗಿನ ತೋಟ ಕಾಯಲು ಅಪ್ಪನನ್ನು ಇಟ್ಟುಕೊಂಡು, ಹುಲ್ಲು ಒಟ್ಟುತ್ತಿದ್ದ ಒಂದು ಚಪ್ಪರವನ್ನು ನಮಗೆ ತೋರಿಸಿದರು. ಅದಕ್ಕೆ ಎರಡು ಕಡೆ ಮಣ್ಣಿನ ಗೋಡೆಯಿತ್ತು, ಎರಡು ಕಡೆ ಇರಲಿಲ್ಲ. ಅವ್ವ ನಕ್ಕಳು. "ಅರ್ಧ ಮನೆ ಸಿಕ್ತು ಕಣಮ್ಮಿ, ಇನ್ನರ್ಧ ನಾನೇ ಕಟ್ತೀನಿ," ಎಂದು ಮಾರನೆಯ ದಿನವೇ ಕೆರೆಯ ಮಣ್ಣು ಹೊತ್ತು ತಂದು ಕಲಸಿದಳು. ಮೊಣಕಾಲೆತ್ತರ ಗೋಡೆ ಎದ್ದಿತ್ತು. ಗೌಡರು ನೀರು ಕಟ್ಟಿಸಲು ಬಂದವರು ನೋಡಿ ನಿಂತರು.

"ಇದೇನಮ್ಮಿ ಇದು?"

"ಗ್ವಾಡೆ ಸ್ವಾಮಿ. ಗಾಳಿ ಒಡೀತದೆ."

"ಕೆಡವು. ಗ್ವಾಡೆ ಎದ್ರೆ ನಾಳೀಕೆ ನಮ್ದು ಅಂತೀರಿ. ಬೇಕಾದ್ರೆ ಗರಿ ಕಟ್ಕೊ."

ಅವ್ವ ತಾನೇ ಕಟ್ಟಿದ್ದನ್ನು ತಾನೇ ಗುದ್ದಲಿಯಿಂದ ಕೆಡವಿದಳು. ಅಜ್ಜಿ ಅರ್ಧ ಗೋಡೆಗೆ ಒರಗಿ ಕೂತು ಎಲ್ಲವನ್ನೂ ನೋಡಿದಳು. ಈಗ ಏನೋ ಒಂದು ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಅನ್ನಲಿಲ್ಲ. ಆ ದಿನ ಅಂದಿದ್ದರೆ ಚೆನ್ನಾಗಿತ್ತು ಎಂದು ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು.

ನೀರಿನದು ಇನ್ನೊಂದು ಕಥೆ. ಊರ ಬಾವಿಯ ಹತ್ತಿರ ಅವ್ವ ಕೊಡ ಹಿಡಿದು ನಿಂತಾಗ ಹೆಂಗಸರು, "ನೀವ್ಯಾವ ಪೈಕಿ?" ಎಂದು ಕೇಳಿದರು. ಬೆಟ್ಟದೋರು ಎಂದಳು. ಹಾಗಾದರೆ ಇಲ್ಲಿ ಸೇದಬೇಡ, ಕೇರಿಯ ಬಾವಿಗೆ ಹೋಗು ಎಂದರು. ಕೇರಿಗೆ ಹೋದರೆ ಅಲ್ಲೂ ಅದೇ ಪ್ರಶ್ನೆ. "ನೀವು ನಮ್ಮೋರಲ್ವಲ್ಲ ತಾಯಿ, ನಮ್ ಬಾವಿಗೆ ಯಾಕ್ ಬಂದೆ?" ಊರು ಯಾರನ್ನು ಎಲ್ಲಿಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಿತ್ತು. ನಮಗೆಂದು ಒಂದು ಕೀಳು ಜಾಗವನ್ನೂ ಅದು ಇಟ್ಟಿರಲಿಲ್ಲ. ನಾವು ಕೆರೆಯ ಕೋಡಿಯಲ್ಲಿ ದನ ಕುಡಿಯುವ ಕಡೆ ನೀರು ತುಂಬಿಕೊಂಡೆವು. ಅವ್ವ ಅದನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಮತ್ತೆ ಸೋಸಿ ಕೊಡುತ್ತಿದ್ದಳು.

ಆ ಊರಿನ ಶಾಲೆಗೆ ಒಬ್ಬ ಮೇಷ್ಟ್ರಿದ್ದರು. ಯುವಕ, ಖಾದಿ ಟೋಪಿ. ಶಿವಪುರದಲ್ಲಿ ಬಾವುಟ ಹಾರಿಸಿದಾಗ ಅಲ್ಲಿಗೆ ನಡೆದುಹೋಗಿದ್ದವರಂತೆ, ಆ ಮಾತು ಬಂದರೆ ಅವರ ಕಣ್ಣು ಹೊಳೆಯುತ್ತಿತ್ತು. ತೋಟದ ಬೇಲಿಯ ಹತ್ತಿರ ನನ್ನನ್ನು ಕಂಡು, ಈ ಹುಡುಗಿಯನ್ನು ಕಳಿಸಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಗೌಡರನ್ನು ಕೇಳಬೇಕು ಎಂದ. ಅವ್ವ ಕೇಳುವುದೇನು ಎಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಮೇಷ್ಟ್ರು ಹೆಸರು ಕೇಳಿದರು. ಮಾದಿ ಎಂದೆ. ಅವರು ಪುಸ್ತಕದಲ್ಲಿ ಮಹದೇವಮ್ಮ ಎಂದು ಬರೆದರು. ಜಾತಿಯ ಜಾಗವನ್ನು ಹಾಗೇ ಬಿಟ್ಟರು, ಆಮೇಲೆ ತುಂಬಿದರಾಯಿತು ಎಂದುಕೊಂಡಿರಬೇಕು. ಮನೆಗೆ ಬರುವಾಗ ಅವ್ವ ನನ್ನ ಗಲ್ಲ ಹಿಡಿದು ನಿಲ್ಲಿಸಿ ಹೇಳಿದಳು.

"ಯಾರಾರಾ ಕೇಳುದ್ರೆ ಇರುಳಿಗ್ರು ಅನ್ಬ್ಯಾಡ. ಗೌಡ್ರ ತ್ವಾಟ್ದೋರು ಅನ್ನು. ಗೊತ್ತಾಯ್ತಾ?"

ನನಗೆ ಬೇಗ ಗೊತ್ತಾಯಿತು. ಅಕ್ಷರಕ್ಕಿಂತ ಮೊದಲು ನಾನು ಕಲಿತದ್ದು ಅದನ್ನೇ. ಮೊದಲು ಜಗಲಿಯ ಮೇಲೆ ಕೂರುತ್ತಿದ್ದವಳು ವರ್ಷ ಕಳೆಯುವುದರೊಳಗೆ ಒಳಗೆ ಬಾಗಿಲ ಪಕ್ಕಕ್ಕೆ ಬಂದೆ. ಮಾತನ್ನೂ ಬದಲಾಯಿಸಿಕೊಂಡೆ. 'ಓಯ್ತೀನಿ' ಬಿಟ್ಟು 'ಹೋಗ್ತೀನಿ' ಅನ್ನತೊಡಗಿದೆ. ಇಬ್ಬರು ಗೆಳತಿಯರಾದರು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಾವು ಮೂವರೂ ಶಾಲೆಯ ಗೋಡೆಯ ನೆರಳಲ್ಲಿ ಕಲ್ಲಾಟ ಆಡುತ್ತಿದ್ದೆವು. ಮೋಟುಗೋಡೆಯ ಆಚೆಯಿಂದ ಯಾರೋ ಕರೆದರು.

"ಮಾದಿ... ಲೇ ಮಾದಿ... ಇಲ್ಬಾ."

ಅಜ್ಜಿ. ನಮ್ಮವರು ಉಡುವ ಹಾಗೆ ಒಂದೇ ಬಟ್ಟೆಯನ್ನು ಹೆಗಲ ಮೇಲೆ ಗಂಟು ಹಾಕಿದ್ದಳು, ರವಿಕೆಯಿಲ್ಲ. ಕೂದಲು ಜಡೆಗಟ್ಟಿತ್ತು. ಬೊಗಸೆ ತುಂಬ ಬಿಕ್ಕೆಹಣ್ಣು. ಅಷ್ಟು ಹಣ್ಣಿಗೆ ಅವಳು ಎಷ್ಟು ದೂರ ನಡೆದಿದ್ದಳೋ, ಸುತ್ತಮುತ್ತ ಹೊಲದ ಬದುಗಳಲ್ಲಿ ಅದು ಸಿಗುತ್ತಿರಲಿಲ್ಲ. ಗೆಳತಿಯರು ಕಿಸಿಕಿಸಿ ನಕ್ಕರು.

"ಯಾರೇ ಅದು ಮಾದೇವಮ್ಮ? ನಿನ್ನೇ ಕರೀತಾ ಅವ್ಳಲ್ಲ?"

"ಗೊತ್ತಿಲ್ಲ," ಎಂದೆ. "ಯಾರೋ ಬೆಟ್ಟದೋಳು."

ಗೋಡೆ ಸೊಂಟದೆತ್ತರವಿತ್ತು, ಅಜ್ಜಿಯ ಕಿವಿ ಚುರುಕಾಗಿತ್ತು. ಅವಳು ನನ್ನನ್ನು ಒಂದು ಸಲ ನೋಡಿದಳು. ಸಿಟ್ಟಿರಲಿಲ್ಲ. ತಾನು ಬೇರೆ ಯಾರನ್ನೋ ಕರೆದೆನೇನೋ ಎಂದು ಅನುಮಾನ ಬಂದವಳ ಹಾಗೆ ನೋಡಿದಳು. ಹಣ್ಣನ್ನು ಮೋಟುಗೋಡೆಯ ಮೇಲೆ ಇಟ್ಟು ಹೊರಟುಹೋದಳು. ಗೆಳತಿಯರು ಅದನ್ನು ತಿಂದರು. ನನಗೂ ಕೊಟ್ಟರು. ನಾನೂ ತಿಂದೆ.

ಸಂಜೆ ಮನೆಗೆ ಹೋಗಲು ಕಾಲು ಬರಲಿಲ್ಲ. ಅಜ್ಜಿ ಅವ್ವನಿಗೆ ಹೇಳಿರುತ್ತಾಳೆ, ಅವ್ವ ಸೌದೆಯಲ್ಲಿ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಉಣ್ಣಲು ಕೂತಾಗ ಅಜ್ಜಿ ಅವ್ವನ ಕಡೆ ತಿರುಗಿ ಇಷ್ಟೇ ಅಂದಳು:

"ನಿನ್ ಮಗ್ಳು ಚೆಂದಾಗಿ ಮಾತು ಕಲ್ತವ್ಳೆ ಕಣೇ ಕೆಂಪಿ."

ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿ ಅವ್ವ ಹಿಗ್ಗಿಹೋದಳು. ಅವತ್ತು ಅಜ್ಜಿಗೆ ಎರಡನೆಯ ಸಲ ಸಾರು ಬಡಿಸಿದಳು. ನಾನು ತಲೆಯೆತ್ತಲಿಲ್ಲ. ಈಗ ಎಪ್ಪತ್ತು ದಾಟಿದ್ದೇನೆ, ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ, ನನ್ನ ಮಾತು ಸ್ಪಷ್ಟ, ಉಚ್ಚಾರ ಚೆನ್ನ ಎಂದು ಹೊಗಳಿಸಿಕೊಂಡಿದ್ದೇನೆ. ಯಾರು ಹಾಗೆ ಹೊಗಳಿದರೂ ಬೇರೆ ಮಾತು ತೆಗೆಯುತ್ತೇನೆ.

ಆ ದಿನದಿಂದ ಅಜ್ಜಿ ಜಗಳ ಬಿಟ್ಟುಬಿಟ್ಟಳು. ಮೊದಮೊದಲು ಅವ್ವ ನೆಮ್ಮದಿಪಟ್ಟಳು, ಆಮೇಲೆ ಹೆದರಿದಳು. ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ಮುದ್ದೆಯನ್ನು ಗಂಟುಗಂಟಾಗಿ ಕೂಡಿಸಿದಳು. ಅಜ್ಜಿಯ ಚಾಪೆಯನ್ನು ಗಾಳಿ ಬರುವ ಕಡೆಗೆ ಎಳೆದಿಟ್ಟಳು. "ಏನಾರಾ ಅನ್ನು ಕಣತ್ತೆ," ಎಂದು ಒಂದು ದಿನ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿಯೇ ಬಿಟ್ಟಳು. ಅಜ್ಜಿ, "ಏನಂತ ಅನ್ನನ? ಎಲ್ಲಾ ಸರಿಯಾಗೇ ಅದಲ್ಲ," ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಹಿಡಿಯಿತು. ಒಂದು ಬೆಳಿಗ್ಗೆ ಅವ್ವ ಗಂಜಿ ಕುಡಿಸಲು ತಲೆ ಎತ್ತಿದಾಗ ಅಜ್ಜಿ ಹೋಗಿಬಿಟ್ಟಿದ್ದಳು.

ಎಲ್ಲಿ ಹೂಳುವುದು? ಗೌಡರು ತೋಟದಲ್ಲಿ ಬೇಡವೆಂದರು, ಅದನ್ನು ಕೇಳುವ ಧೈರ್ಯವೂ ಅಪ್ಪನಿಗಿರಲಿಲ್ಲ, ಸುದ್ದಿ ತಿಳಿದು ಬಂದಿದ್ದ ಬೊಮ್ಮಯ್ಯನೇ ಕೇಳಿದ. ಊರಿನ ಸ್ಮಶಾನ ಅವರವರದು. ಕೇರಿಯದು ಕೇರಿಯವರದು. "ನಮ್ ಬೆಟ್ಟಕ್ಕೇ ತಕ್ಕೊಂಡೋಗನ," ಎಂದ ಬೊಮ್ಮಯ್ಯ. ಬಿದಿರಿಗೆ ಬಟ್ಟೆ ಕಟ್ಟಿ, ಅಪ್ಪ ಮುಂದೆ, ಬೊಮ್ಮಯ್ಯ ಹಿಂದೆ ಹೆಗಲು ಕೊಟ್ಟು ಹೊತ್ತರು. ಅವ್ವ ಗುದ್ದಲಿ ಹಿಡಿದಳು. ನಾನು ನೀರಿನ ಗಡಿಗೆ ಹಿಡಿದು ಹಿಂದೆ ನಡೆದೆ. ಇಳಿಬಿಸಿಲಿನ ಹೊತ್ತಿಗೆ ಗಡಿಕಲ್ಲು ಸಿಕ್ಕಿತು. ಗಾರ್ಡು ಕೂಡ ಸಿಕ್ಕಿದ, ಅದೇ ಹಳೆಯ ಗಾರ್ಡು.

"ಬದುಕಿರೋರ್ಗೇ ಒಳಗೆ ಬುಡಾಕಿಲ್ಲ ಅಂದದೆ ಹುಕುಂ. ಹೆಣಾನ ಎಂಗ್ಲಾ ಬುಡ್ಲಿ ಬೈರ? ನಾಳೆ ನನ್ ಕೆಲ್ಸ ಓಯ್ತದೆ."

ಅಪ್ಪ ಹೆಗಲ ಮೇಲಿನ ಬಿದಿರನ್ನು ಇಳಿಸಲೂ ಇಲ್ಲ, ಮುಂದೆ ಹೆಜ್ಜೆ ಇಡಲೂ ಇಲ್ಲ. ಬೊಮ್ಮಯ್ಯ ಕಾಲಿಗೆ ಬೀಳಲು ಬಗ್ಗಿದ. ಅವ್ವ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಿಮ್ ಸರ್ಕಾರ ಎಲ್ಲಿಗಂಟ ಅದೆ, ತೋರ್ಸು."

ಗಾರ್ಡು ಬೆತ್ತದಿಂದ ಸುಣ್ಣದ ಕಲ್ಲನ್ನು ತೋರಿಸಿದ. ಅವ್ವ ಆ ಕಲ್ಲಿಗೆ ತಗುಲುವಂತೆ ಈಚೆ ಮಗ್ಗುಲಲ್ಲಿ ಗುದ್ದಲಿ ಹಾಕಿದಳು. ಸೊಂಟದ ತನಕ ಅಗೆದ ಮೇಲೆ ಗುಂಡಿಯೊಳಗೆ ಇಳಿದು, ಕಲ್ಲಿನ ಬುಡದ ಕೆಳಗೆ ಕಾಡಿನ ಕಡೆಗೆ ಗವಿಯ ಹಾಗೆ ಕೊರೆಯತೊಡಗಿದಳು. ಅಪ್ಪನಿಗೆ ಆಗ ಅರ್ಥವಾಗಿ ಅವನೂ ಇಳಿದ. ಗಾರ್ಡು ಎಲ್ಲವನ್ನೂ ನೋಡಿದ, ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿಕೊಂಡ. ಅಜ್ಜಿಯ ತಲೆ, ಎದೆ ಕಾಡಿನೊಳಗೆ ಹೋಯಿತು. ಕಾಲು ಈಚೆಗೇ ಉಳಿಯಿತು. ಮಣ್ಣು ಮುಚ್ಚಿದ ಮೇಲೆ ಅವ್ವ ಅದರ ಮೇಲೆ ಬಿದ್ದು, "ಇನ್ಯಾರ್ ಜೊತೇಲಿ ಜಗಳ ಆಡ್ಲಿ ಕಣತ್ತೆ," ಎಂದು ಎದೆ ಬಡಿದುಕೊಂಡಳು. ನಾನು ಅಳಲಿಲ್ಲ. ಅತ್ತರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಮಳವಳ್ಳಿ, ಮದ್ದೂರಿನ ಬಸ್ಸುಗಳು ಹಿಂದೆ ಒಂದು ದೊಡ್ಡ ಒಲೆ ಕಟ್ಟಿಕೊಂಡು ಇದ್ದಿಲಿನಿಂದ ಓಡುತ್ತಿದ್ದವು. ನಮ್ಮನ್ನು ಇಳಿಸಿದ ಕಾಡನ್ನು ಇದ್ದಿಲಿಗೆಂದು ಒಬ್ಬ ಕಂತ್ರಾಟುದಾರನಿಗೆ ಕೊಟ್ಟಿದ್ದರು. ಗಾಡಿಗಟ್ಟಲೆ ಇದ್ದಿಲು ಮದ್ದೂರು ಸ್ಟೇಷನ್ನಿಗೆ ಹೋಗುತ್ತಿತ್ತು. ಕಡಿಯುವ ಕೂಲಿಗಳಿಗೆ ಕೊರಳಲ್ಲಿ ಹಾಕಿಕೊಳ್ಳಲು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆಯಿದ್ದವನನ್ನು ಗಾರ್ಡು ತಡೆಯುವಂತಿಲ್ಲ. ಅಜ್ಜಿಯನ್ನು ಹೂಳಿದ ತಿಂಗಳಲ್ಲೇ ಅಪ್ಪ ತೋಟದ ಕಾವಲು ಬಿಟ್ಟು ಆ ಬಿಲ್ಲೆ ಹಾಕಿಕೊಂಡ. ಅವ್ವ ತೋಟದ ಕೆಲಸ ಹಿಡಿದು ಚಪ್ಪರ ಉಳಿಸಿಕೊಂಡಳು. ಯಾಕೆ ಹೋಗುತ್ತೀಯ ಎಂದು ಅವ್ವ ಎಷ್ಟು ಕೇಳಿದರೂ, "ಒಳೀಕೆ ಓಗಕ್ಕೆ ಬ್ಯಾರೆ ದಾರಿ ಯಾವ್ದದೆ?" ಎಂದನೇ ಹೊರತು ಜಗ್ಗಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ. ಅಂಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಕೆಮ್ಮು ಶುರುವಾಯಿತು. ಯುದ್ಧ ಮುಗಿದ ಮೇಲೂ ಇದ್ದಿಲು ಸುಡುವುದು ನಿಲ್ಲಲಿಲ್ಲ.

ಶಾಲೆಯಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಸಕ್ಕರೆ ಹಂಚಿದ ಮಳೆಗಾಲದಲ್ಲಿ ಮೇಷ್ಟ್ರು ನಮ್ಮ ಚಪ್ಪರಕ್ಕೆ ಬಂದರು. ಇನ್ನು ಮುಂದೆ ಜನರ ಸರ್ಕಾರ, ನೀವಿದ್ದ ಜಾಗವನ್ನು ನೀವು ಕೇಳಿ ಪಡೆಯಬಹುದು, ಒಂದು ಅರ್ಜಿ ಬರೆಯಿರಿ ಎಂದರು. ಬೊಮ್ಮಯ್ಯನಿಗೆ ಮೈಯಲ್ಲಿ ದೇವರು ಬಂದಂತಾಯಿತು. ಚದುರಿಹೋಗಿದ್ದ ದೊಡ್ಡಿಯವರನ್ನೆಲ್ಲ ಹುಡುಕಿ ತಂದು ಒಂದು ಭಾನುವಾರ ನಮ್ಮಲ್ಲಿ ಸೇರಿಸಿದ. ಮೇಷ್ಟ್ರು ಹೇಳುವುದು, ನಾನು ಬರೆಯುವುದು ಎಂದಾಯಿತು. 'ಇರುಳಿಗರಾದ ನಾವು' ಎಂದು ಶುರುಮಾಡಬೇಕಿತ್ತು. ಆ ಪದವನ್ನು ನಾನು ಅದುವರೆಗೆ ಬರೆದಿರಲಿಲ್ಲ. ಮಸಿ ತೊಟ್ಟಿಕ್ಕಿ ಒಂದು ಹಾಳೆ ಹಾಳಾಯಿತು. ಎರಡನೆಯ ಹಾಳೆಯಲ್ಲಿ ಬರೆದೆ.

"ನೀವು ಅಲ್ಲಿ ಇದ್ದಿರಿ ಅನ್ನೋದಕ್ಕೆ ಗುರುತು ಏನಿದೆ?" ಎಂದು ಮೇಷ್ಟ್ರು ಕೇಳಿದರು. "ಗುಡಿಸಲು ಸುಟ್ಟಿದ್ದಾರೆ. ಹೂತ ಗುಡ್ಡೆ, ಒಲೆಗಲ್ಲು ತೋರಿಸಿದರೆ ಅಂಥವು ಕಾಡಲ್ಲಿ ಎಲ್ಲಾ ಕಡೆ ಇರ್ತವೆ ಅಂತಾರೆ."

"ಹುಣಸೆ ಮರ ಅವಲ್ಲ ಸ್ವಾಮಿ!" ಎಂದ ಬೊಮ್ಮಯ್ಯ. "ಮೂರು ಮರ, ಸಾಲಾಗಿ. ನಮ್ ತಾತ ನೆಟ್ಟಿದ್ದು. ತಬ್ಬುದ್ರೆ ಇಬ್ರು ಬೇಕು."

ಮೇಷ್ಟ್ರು ತೊಡೆ ತಟ್ಟಿಕೊಂಡರು. ಆ ಬೆಟ್ಟದಲ್ಲಿ ಹುಣಸೆ ತಾನಾಗಿ ಹುಟ್ಟುವುದಿಲ್ಲ, ಹುಟ್ಟಿದರೂ ಸಾಲಾಗಿ ಹುಟ್ಟುವುದಿಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಅದನ್ನೇ ಎರಡು ಸಲ ಬರೆಸಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬೊಬ್ಬರಿಗೂ ಆ ಮರಗಳ ಒಂದೊಂದು ಕೊಂಬೆ ನೆನಪಿತ್ತು. ಅಪ್ಪ ಬೀಡಿಗೆ ಬೆಂಕಿ ತರುತ್ತೇನೆಂದು ಎದ್ದು ಹೋದವನು ಹೆಬ್ಬೆಟ್ಟು ಒತ್ತುವ ಹೊತ್ತಿಗೇ ಬಂದದ್ದು. ಒತ್ತಿದ. ಅವನ ಬೆರಳಿಗೆ ಮಸಿಯೇ ಬೇಕಾಗಿರಲಿಲ್ಲ ಎಂದು ಯಾರೋ ನಕ್ಕರು.

ಅರ್ಜಿಗಳಿಗೆ ಉತ್ತರ ಬರುವುದಿಲ್ಲ ಎಂಬುದು ಈಗ ನನಗೆ ಗೊತ್ತು. ಆದರೆ ನಾನು ಬರೆದ ಮೊದಲ ಅರ್ಜಿಗೆ ಉತ್ತರ ಬಂತು. ಮಳೆ ನಿಂತ ಮೇಲೆ ಒಬ್ಬ ಅಧಿಕಾರಿ ತಾವೇ ಬಂದರು. ವಯಸ್ಸಾದವರು, ಮೃದುವಾದ ಮಾತು. ಬೆಟ್ಟ ಹತ್ತುವಾಗ ನನ್ನ ಓದಿನ ಬಗ್ಗೆ ಕೇಳಿದರು, ಅರ್ಜಿಯ ಅಕ್ಷರ ದುಂಡಗಿದೆ ಎಂದರು. ಅಷ್ಟು ವರ್ಷದ ಮೇಲೆ ಮೊದಲ ಸಲ ನಾವೆಲ್ಲ ಗಡಿಕಲ್ಲು ದಾಟಿ ಒಳಗೆ ಹೋದೆವು. ಗಾರ್ಡೇ ದಾರಿ ತೋರಿಸಿದ. ಬೊಮ್ಮಯ್ಯ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಅಪ್ಪ ಎಲ್ಲರಿಗಿಂತ ಹಿಂದೆ ಉಳಿದಿದ್ದ.

ಮುಂದೆ ಹೋದ ಬೊಮ್ಮಯ್ಯ ನಿಂತುಬಿಟ್ಟಿದ್ದ. ಸಮನಾದ ಜಾಗ ಅದೇ, ದೊಡ್ಡಿಯ ಹಿಂದಿದ್ದ ಬಂಡೆ ಅದೇ. ಮರಗಳಿರಲಿಲ್ಲ. ಇದ್ದಿಲು ಸುಡುವ ಮಾರುದ್ದ ಮಾರಗಲದ ಗೂಡುಗಳು, ಸುಟ್ಟ ನೆಲ, ಮೊಣಕಾಲಿನವರೆಗೆ ಏಳುವ ಕಪ್ಪು ಪುಡಿ. ಬೊಮ್ಮಯ್ಯ, "ಇಲ್ಲೇ ಕಣ್ರಪ್ಪಾ, ಇಲ್ಲೇ," ಎನ್ನುತ್ತ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದ. ಅಧಿಕಾರಿ ತಾಳ್ಮೆಯಿಂದ ಕಾದರು.

"ಮೂರು ಹುಣಸೆ ಮರ ಅಂತ ಬರೆದಿದ್ದೀರಲ್ಲ, ಎಲ್ಲಿ?"

"ಇದ್ದೋ ಸ್ವಾಮಿ."

"ಬೊಡ್ಡೆಯಾದರೂ ಇರಬೇಕಲ್ಲ?"

ಗಾರ್ಡು ಹೇಳಿದ, "ಹುಣಸೆ ಬೇರು ಚೆನ್ನಾಗಿ ಉರೀತದೆ ಸಾರ್. ಕಂತ್ರಾಟು ಕೂಲಿಗಳು ಬೊಡ್ಡೆ ಸಮೇತ ಕಿತ್ತು ಗೂಡಿಗೆ ಹಾಕವ್ರೆ."

ಅಧಿಕಾರಿ ಕಪ್ಪು ಮಣ್ಣನ್ನು ಬೂಟಿನ ತುದಿಯಿಂದ ಸರಿಸಿ ನೋಡಿದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

"ಇಲ್ಲಿ ಇದ್ದಿಲು ಸುಟ್ಟಿದ್ದಾರೆ ಅನ್ನೋದು ಕಾಣುತ್ತೆ. ಜನ ಇದ್ದರು ಅಂತ ನಾನು ಏನು ನೋಡಿ ಬರೀಲಿ, ಹೇಳಮ್ಮ?"

ಅವರು ಕೇಳಿದ್ದು ನನ್ನನ್ನು. ಓದಿದವಳು ನಾನೊಬ್ಬಳೇ ಅಲ್ಲವೆ? ನಾನು ಬೊಮ್ಮಯ್ಯನ ಕಡೆ ನೋಡಿದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಚ್ಚಿದರು.

ಇಳಿಯುವಾಗ ಅಪ್ಪ ಹಳ್ಳದ ಹತ್ತಿರ ನೀರು ಕುಡಿಯಲೆಂದು ಕೂತ. ಉಳಿದವರು ಮುಂದೆ ಹೋದರು. ನಾನು ಅವನ ಪಕ್ಕ ಕೂತೆ. ಅವನು ಬೊಗಸೆಯಲ್ಲಿ ನೀರು ಹಿಡಿದವನು ಕುಡಿಯದೆ ಸೋರಿಹೋಗಲು ಬಿಟ್ಟ.

"ಕಡ್ದೋನು ನಾನೇ ಕಣವ್ವ."

ನನಗೆ ಮೊದಲು ತಿಳಿಯಲಿಲ್ಲ.

"ಗೂಡಿಗೆ ಸಮನಾದ ಜಾಗ ಬೇಕು ಅಂದ ಮೇಸ್ತ್ರಿ. ಈ ಮೂರು ಮರ ತೆಗೀಬೇಕು ಅಂದ. ಆಗಾಕಿಲ್ಲ ಅಂದ್ರೆ ಬಿಲ್ಲೆ ಕಿತ್ಕತಿದ್ದ. ಅದ್ಕೂ ಅಲ್ಲ ಕಣವ್ವ... ಬ್ಯಾರೆಯೋರು ಕೊಡ್ಲಿ ಹಾಕೋದ್ನ ನೋಡಕ್ಕಾಗ್ನಿಲ್ಲ. ನಾನೇ ಕಡೀತೀನಿ ಬುಡಿ ಅಂದೆ."

"ಅರ್ಜಿ ಬರೆಯೋ ದಿನ ಯಾಕೆ ಹೇಳಲಿಲ್ಲ ಅಪ್ಪ?"

"ಅವ್ರೆಲ್ಲಾ ಅಷ್ಟು ಕುಸೀಲಿ ಇದ್ರಲ್ಲ," ಎಂದ. "ಯಾರೂ ನೋಡಕ್ಕೆ ಬರಾಕಿಲ್ಲ ಅನ್ಕಂಡೆ."

ಅವತ್ತೇ ನಾನೂ ಹೇಳಿಬಿಡಬಹುದಿತ್ತು, ಶಾಲೆಯ ಗೋಡೆಯ ಹತ್ತಿರ ಅವನ ಅವ್ವನನ್ನು ನಾನು ಯಾರೋ ಎಂದದ್ದನ್ನು. ಇಬ್ಬರ ತಪ್ಪೂ ಒಂದೇ ಕಡೆ ಇಳಿಯುತ್ತಿತ್ತು. ನಾನು ಅವನ ಕಪ್ಪು ಕೈಯನ್ನು ಹಿಡಿದುಕೊಂಡೆ, ಅಷ್ಟೇ. ಹೇಳಲಿಲ್ಲ.

ಸಂಜೆ ಅವ್ವನಿಗೆ ಅಪ್ಪನೇ ಹೇಳಿದ. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಒಲೆಯ ಮುಂದೆ ಕೂತೇ ಇದ್ದಳು. ಮುದ್ದೆ ತೊಳಸುವ ಕೋಲನ್ನು ಕೈಯಿಂದ ಬಿಡಲಿಲ್ಲ.

"ಯಾರ್ಗೂ ಯೋಳ್ಬ್ಯಾಡಿ," ಎಂದಳು ಕೊನೆಗೆ. "ಬೊಮ್ಮಣ್ಣಂಗಂತೂ ಯೋಳ್ಬ್ಯಾಡಿ. ಕುಂತ್ಕೊ, ಉಣ್ಣು."

ಯಾರಿಗೂ ಹೇಳಲಿಲ್ಲ. ನಾನು ಶಿಕ್ಷಕರ ತರಬೇತಿಗೆ ಸೇರುವ ತನಕ, ಆಮೇಲೆ ರಜೆಗೆ ಬಂದಾಗಲೂ, ಬೊಮ್ಮಯ್ಯ ಸಂತೆಯ ದಿನ ನಮ್ಮ ಚಪ್ಪರಕ್ಕೆ ಬಂದು ಕೂರುತ್ತಿದ್ದ. ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಮೂರು ಮರ ಇದ್ದಿದ್ದರೆ ಇವತ್ತು ನಾವು ನಮ್ಮ ನೆಲದಲ್ಲಿ ಇರುತ್ತಿದ್ದೆವು ಎನ್ನುತ್ತಿದ್ದ. ಯಾವ ಊರ ಕೂಲಿಯೋ, ಅವನಿಗೇನು ಗೊತ್ತು ನಮ್ಮ ಹೊಟ್ಟೆಯ ಉರಿ, ಎನ್ನುತ್ತಿದ್ದ. ಆಮೇಲೆ ಸಿಟ್ಟು ನೆತ್ತಿಗೇರಿ, "ಆ ಮರ ಕಡ್ದೋನ ಕೈ ಸೇದೋಗ್ಲಿ. ಅವನ ವಂಸಕ್ಕೆ ನೆಲೆ ಇಲ್ದಂಗಾಗ್ಲಿ," ಎಂದು ನೆಲಕ್ಕೆ ಗುದ್ದಿ ಶಪಿಸುತ್ತಿದ್ದ. ಅವ್ವ ಅವಸರದಲ್ಲಿ ಎದ್ದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದಳು.

"ಅಲ್ವೇನ್ಲಾ ಬೈರ?" ಎಂದು ಅವನು ಅಪ್ಪನ ಕಡೆ ತಿರುಗುತ್ತಿದ್ದ.

ಅಪ್ಪ ಪಕ್ಕದಲ್ಲೇ ಕೂತು, "ಊಂ," ಎನ್ನುತ್ತಿದ್ದ.